ಬರೀ ನೀರಿನ ಕೊಳವೆ

"ಸಿಕ್ತು! ಮೇಷ್ಟ್ರೇ, ಸಿಕ್ತು! ಬನ್ನಿ ಇಲ್ಲಿ, ಬೇಗ!"

ಸಂಶೋಧನಾ ವಿದ್ಯಾರ್ಥಿನಿ ಕೊರಿನ್ ಕೂಗಿದ ರಭಸಕ್ಕೆ ವರ್ಡೆಲ್ ಹಾಪ್‌ಸನ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಅರವತ್ತು ದಾಟಿದ ಮೊಣಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ಅವರು ಲ್ಯಾಬಿನ ಆ ತುದಿ ಮುಟ್ಟುವಷ್ಟರಲ್ಲಿ ಹುಡುಗಿ ಅಳುವುದನ್ನೂ ನಗುವುದನ್ನೂ ಒಟ್ಟಿಗೇ ಶುರುಮಾಡಿದ್ದಳು. ಕಂಪ್ಯೂಟರಿನ ತೆರೆಯ ಮೇಲೆ ಬಣ್ಣಬಣ್ಣದ ಗೆರೆಗಳು ಒಂದರ ಹಿಂದೊಂದು ಮೇಲೆ ಏರುತ್ತಿದ್ದವು. ನದಿಯಿಂದ ತಂದ ನೀರಿನ ಒಂದೊಂದು ಮಾದರಿಗೂ ಒಂದೊಂದು ಗೆರೆ. ಗೆರೆ ಏರಿತೆಂದರೆ ಆ ನೀರಿನಲ್ಲಿ ಅವಳು ಹುಡುಕುತ್ತಿದ್ದ ಕಪ್ಪೆಚಿಪ್ಪಿನ ಸುಳಿವಿದೆ ಎಂದು ಲೆಕ್ಕ. ದಕ್ಷಿಣದ ಹಳ್ಳಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಆ ಜೀವಿ ಈ ಉತ್ತರದ ನದಿಯಲ್ಲಿ ಕಾಣಿಸದೆ ಎಷ್ಟೋ ಕಾಲವಾಗಿತ್ತು. ಇಲ್ಲಿ ಅದು ಅಳಿದೇ ಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದರು, ಇವಳೊಬ್ಬಳನ್ನು ಬಿಟ್ಟು.

"ನಾನ್ ಹೇಳ್ಲಿಲ್ವಾ? ಇದೆ ಅಂತ ಹೇಳ್ಲಿಲ್ವಾ? ನಮ್ಮಪ್ಪ ಚಿಕ್ಕೋರಿದ್ದಾಗ ಇದರ ಚಿಪ್ಪಲ್ಲಿ ಆಟ ಆಡಿದಾರಂತೆ!" ಎಂದು ಅವಳು ಮೇಷ್ಟ್ರ ಕುತ್ತಿಗೆಗೆ ಜೋತುಬಿದ್ದಳು.

"ಆಯ್ತು ತಾಯಿ, ಆಯ್ತು. ಮುದುಕನ ಬೆನ್ನು ಮುರೀಬೇಡ" ಎಂದರು ಹಾಪ್‌ಸನ್. ಅವರಿಗೂ ಕಣ್ಣು ತುಂಬಿ ಬಂದಿತ್ತು. ಅವಳ ಹೆಗಲ ಮೇಲಿಂದ ನೋಡುತ್ತಿದ್ದ ಅವರಿಗೇ ಮೊದಲು ಕಂಡದ್ದು: ತೆರೆಯ ಅಡಿಯಲ್ಲಿ ನೆಲಕ್ಕಂಟಿ ಮಲಗಿರಬೇಕಾಗಿದ್ದ ಕಪ್ಪು ಗೆರೆಯೊಂದು ನಿಧಾನವಾಗಿ ತಲೆ ಎತ್ತುತ್ತಿತ್ತು. ಅದು ಬರೀ ನೀರಿನ ಕೊಳವೆಯ ಗೆರೆ. ನದಿಯ ನೀರಲ್ಲ, ಸೀಸೆಯ ಶುದ್ಧ ನೀರು. ಕೆಲಸ ಚೊಕ್ಕವಾಗಿದೆಯೇ ಇಲ್ಲವೇ ಎಂದು ನೋಡಲೆಂದೇ ಇಡುವುದು. ಅದರಲ್ಲಿ ಯಾವ ಜೀವದ ಸುಳಿವೂ ಇರಕೂಡದು.

ಕೊರಿನ್ ತಿರುಗಿ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

ಬರೀ ನೀರಿನಲ್ಲೂ ಕಪ್ಪೆಚಿಪ್ಪು ಸಿಕ್ಕಿತೆಂದರೆ ಉಳಿದ ಗೆರೆಗಳಿಗೆ ಮೂರು ಕಾಸಿನ ಬೆಲೆಯಿಲ್ಲ. ಎಲ್ಲಿಂದಲೋ ಹೊಲಸು ಸೇರಿದೆ. ಕೊಳವೆಗಳಲ್ಲಿ ಮಾತ್ರ ಸೇರಿದ್ದರೆ ಇನ್ನೊಮ್ಮೆ ಮಾಡಬಹುದಿತ್ತು. ಆದರೆ ಹೋದ ಬೇಸಿಗೆಯೆಲ್ಲ ದೋಣಿಯಲ್ಲಿ ಕೂತು ತುಂಬಿಸಿ, ಸೋಸಿ, ಇಳಿಸಿಟ್ಟಿದ್ದ ಮೂಲ ಸೀಸೆಗಳಿಗೇ ಕೊರಿನ್ ಅದೇ ಟಿಪ್ಪುಗಳನ್ನು, ಎಂದರೆ ನೀರು ಹೀರುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿಗಳನ್ನು, ಅದ್ದಿದ್ದಳು. ಇನ್ನು ಅವೂ ಕೆಟ್ಟ ಹಾಗೆಯೇ.

ಗಲಾಟೆ ಕೇಳಿ ರೆನೆಟಾ ತನ್ನ ಕೋಣೆಯಿಂದ ಹೊರಗೆ ಬಂದಳು. ಈ ಲ್ಯಾಬಿಗೆ ಯಜಮಾನಿ ಅವಳೇ. ಹಿಂದೊಂದು ಕಾಲದಲ್ಲಿ ಅಲಬಾಮಾದ ಬೆಥೆಲ್ ಗ್ರೋವ್ ಕಾಲೇಜಿನಲ್ಲಿ ಹಾಪ್‌ಸನ್ನರ ಮುಂದಿನ ಬೆಂಚಿನಲ್ಲಿ ಕೂತು, ಪ್ರಶ್ನೆ ಕೇಳಿ ಕೇಳಿ ಅವರ ತಲೆ ತಿಂದವಳು. ಈಗ ಕಾಗದದ ಮೇಲೆ ಅವಳು ಮಾರ್ಗದರ್ಶಿ, ಅವರು ತರಬೇತಿಗೆ ಬಂದವರು. ಆದರೂ ಅವಳ ಬಾಯಲ್ಲಿ ಮೇಷ್ಟ್ರೇ ಎನ್ನುವುದು ಹೋಗಲಿಲ್ಲ. ಕೇಳಿ ಕೇಳಿ ಲ್ಯಾಬಿನವರೆಲ್ಲ ಹಾಗೇ ಕರೆಯತೊಡಗಿದ್ದರು.

ರೆನೆಟಾ ತೆರೆಯನ್ನು ನೋಡಿದಳು. ದನಿ ಏರಿಸಲಿಲ್ಲ. "ಯಾವ ಟಿಪ್ಪು ಹಾಕ್ದೆ?"

"ನನ್ನ ಮೇಜಿನ ಮೇಲಿದ್ದ ಡಬ್ಬೀದು. ತುಂಬಿತ್ತಲ್ಲ, ಅದು" ಎಂದಳು ಕೊರಿನ್.

ಹಾಪ್‌ಸನ್ನರ ಕಣ್ಣು ತಮ್ಮ ಮೇಜಿನ ಕೆಳಗಿದ್ದ ಚೀಲದ ಕಡೆ ಹೋಯಿತು. ಆ ಡಬ್ಬಿಯನ್ನು ತುಂಬಿದವರು ಅವರೇ.

ಬೆಥೆಲ್ ಗ್ರೋವಿನಲ್ಲಿ ಯಾವ ಟಿಪ್ಪನ್ನೂ ಎಸೆಯುತ್ತಿರಲಿಲ್ಲ. ಒಮ್ಮೆ ಬಳಸಿ ಬಿಸಾಡಿ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ, ನಿಜ. ಅದು ಅನುಕೂಲಸ್ಥರಿಗೆ ಹೇಳಿದ ಮಾತು. ಕಪ್ಪು ಜನರ ಚಿಕ್ಕ ಕಾಲೇಜು, ಸೋರುವ ಮಾಡು, ಲ್ಯಾಬಿಗೆಂದು ಕೊಡುವ ದುಡ್ಡು ಮಾತಿಗೆ ಮಾತ್ರ. ಪಾಠ ಮುಗಿದ ಮೇಲೆ ಮಕ್ಕಳೂ ಮೇಷ್ಟ್ರೂ ಸಾಲಾಗಿ ತೊಟ್ಟಿಯ ಮುಂದೆ ನಿಂತು, ಟಿಪ್ಪುಗಳನ್ನು ಸೋಪಿನ ನೀರಲ್ಲಿ ತೊಳೆದು, ಹಾಪ್‌ಸನ್ನರ ಹೆಂಡತಿ ಅರ್ಲೀನ್ ಮನೆಯಿಂದ ಕೊಟ್ಟ ಹಳೆಯ ಕುಕ್ಕರಿನಲ್ಲಿ ಕುದಿಸಿ, ಒಣಗಿಸಿ ಮತ್ತೆ ಜೋಡಿಸುತ್ತಿದ್ದರು. ತೊಳೆಯುವಾಗ ಹಾಡು, ಹರಟೆ, ಒಬ್ಬರಿಗೊಬ್ಬರು ನೀರು ಚಿಮುಕಿಸುವುದು. ಕಲಿಯುವ ಮಕ್ಕಳ ಕೈ ಪಳಗುವುದಕ್ಕೆ ಅಷ್ಟು ಸಾಕಾಗಿತ್ತು. ಆ ತೊಟ್ಟಿಯ ಮುಂದೆ ನಿಂತವರಲ್ಲಿ ಎಷ್ಟೋ ಜನ ಡಾಕ್ಟರಾಗಿದ್ದಾರೆ.

ಈ ಫೆಲೋಶಿಪ್ಪಿಗೆ ಅವರು ಕಾದದ್ದು ಸ್ವಲ್ಪ ದಿನವಲ್ಲ. ಕಪ್ಪು ಜನರ ಕಾಲೇಜು, ಮೂಲನಿವಾಸಿಗಳ ಕಾಲೇಜು, ಗಡಿಯ ಕಡೆ ಮೆಕ್ಸಿಕನ್ ಮಕ್ಕಳು ಓದುವ ಕಾಲೇಜು, ಇಂಥಲ್ಲಿ ಪಾಠ ಹೇಳಿ ಹೇಳಿಯೇ ಸಂಶೋಧನೆಯ ದಾರಿ ಮರೆತ ಅಧ್ಯಾಪಕರನ್ನು ಬೇಸಿಗೆಗೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಕರೆಸಿ ಕೆಲಸ ಕಲಿಸುವ ಏರ್ಪಾಡು. ಸಮಿತಿಯಲ್ಲಿ ಜಗಳವಾಡಿ ಅದನ್ನು ಇಲ್ಲಿಗೆ ತಂದವಳು ರೆನೆಟಾ. ಪ್ರತಿ ವರ್ಷ ಹಾಪ್‌ಸನ್ ಹೊರಡಬೇಕೆನ್ನುವರು, ಬೇಸಿಗೆಯ ಪಾಠ ಯಾರು ನೋಡುತ್ತಾರೆಂದು ಸುಮ್ಮನಾಗುವರು. ಈ ಸಲ ಕಾಲೇಜಿನ ಜೊತೆಯ ಅಧ್ಯಾಪಕಿ ಓರ್ಫಾ, "ನೀವು ಹೋಗ್ದಿದ್ರೆ ನನ್ನ ಸರದಿ ಯಾವಾಗ ಬರೋದು? ನಡೀರಿ, ನಿಮ್ಮ ಪಾಠ ನಾನ್ ಹೊರ್ತೀನಿ" ಎಂದು ದಬಾಯಿಸಿ ಕಳಿಸಿದ್ದಳು. ಮುಂದಿನ ಬೇಸಿಗೆ ಅವಳದು. ಎಲ್ಲ ಸರಿಹೋದರೆ ಲ್ಯಾಬಿನ ಯಂತ್ರವೊಂದನ್ನು ಬೆಥೆಲ್ ಗ್ರೋವಿಗೇ ಕೊಡುತ್ತಾರೆಂದು ಮಾತಾಗಿತ್ತು.

ಬಂದ ಮೊದಲ ವಾರವೇ ಅವರ ಕಣ್ಣಿಗೆ ಬಿದ್ದದ್ದು ಇಲ್ಲಿನ ಕಸದ ಬುಟ್ಟಿ. ಅಯ್ಯೋ ದೇವರೇ, ಎಂಥ ಒಳ್ಳೊಳ್ಳೆ ಟಿಪ್ಪುಗಳು, ಒಂದೇ ಒಂದು ಸಲ ಮುಳುಗಿಸಿ ಎಸೆದವು! ನೋಡಿ ಸುಮ್ಮನಿರಲು ಅವರಿಂದ ಆಗಲಿಲ್ಲ. ತಮ್ಮ ಕಲಿಕೆಗೆಂದು ಕೊಟ್ಟಿದ್ದ, ದಕ್ಷಿಣದಿಂದ ತಂದ ಅದೇ ಕಪ್ಪೆಚಿಪ್ಪಿನ ಮಾಂಸದ ಮೇಲೆ ಕೆಲಸ ಮಾಡುತ್ತ, ಆ ಟಿಪ್ಪುಗಳನ್ನೂ ಬುಟ್ಟಿಯವನ್ನೂ ಸೇರಿಸಿ, ಎಲ್ಲರೂ ಊಟಕ್ಕೆ ಹೋದಾಗ ತೊಳೆದು ಕುದಿಸಿ ಚೀಲಕ್ಕೆ ಹಾಕತೊಡಗಿದರು. ಮಕ್ಕಳಿಗೆ ಒಯ್ಯಲು. ಮೊನ್ನೆ ಕೊರಿನ್ "ಥೂ, ಡಬ್ಬಿ ಖಾಲಿ! ಸ್ಟೋರಿಗೆ ಬೀಗ ಬೇರೆ!" ಎಂದು ಚಡಪಡಿಸುತ್ತ ಕಾಫಿಗೆ ಹೋದಾಗ, ಪಾಪ, ಹುಡುಗಿಯ ಕೆಲಸ ನಿಲ್ಲಬಾರದೆಂದು ಆ ಚೀಲದಿಂದಲೇ ಡಬ್ಬಿ ತುಂಬಿಟ್ಟಿದ್ದರು. ಸ್ಟೋರಿನವರು ಹೊಸವನ್ನು ತಂದಿಟ್ಟರೆಂದೇ ಅವಳು ತಿಳಿದಿದ್ದಳು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಆದರೆ ಇಲ್ಲಿನ ಯಂತ್ರ ಸತ್ತುದರ ಸುಳಿವನ್ನೂ ಹಿಡಿಯುತ್ತದೆ. ಅದು ಅವರಿಗೆ ಗೊತ್ತಿರಲಿಲ್ಲವೇ? ಪುಸ್ತಕದಲ್ಲಿ ಓದಿ, ಮಕ್ಕಳಿಗೂ ಹೇಳಿದ್ದರು. ಕೈಗೆ ಗೊತ್ತಿರಲಿಲ್ಲ, ಅಷ್ಟೇ.

ಸಂಜೆ ರೆನೆಟಾ ಅವರ ಮೇಜಿನ ಕೆಳಗೆ ಬಗ್ಗಿ ಚೀಲ ಎಳೆದಳು. ಒಳಗೆ ನೋಡಿ, ಎದ್ದು, ಹೋಗಿ ಬಾಗಿಲು ಹಾಕಿ ಬಂದಳು.

"ಮೇಷ್ಟ್ರೇ..."

"ಹೂಂ. ನಾನೇ. ನಾಳೆ ಎಲ್ರ ಮುಂದೂ ಹೇಳ್ತೀನಿ" ಎಂದರು ಹಾಪ್‌ಸನ್.

"ಹೇಳ್ಬೇಡಿ."

"ಏನಂದೆ?"

"ಹೇಳ್ಬೇಡಿ ಅಂದೆ." ಅವಳು ಅವರೆದುರು ಸ್ಟೂಲಿನ ಮೇಲೆ ಕೂತಳು. "ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ನಾನೂ ಆ ಬುಟ್ಟಿಗೆ ಕೈ ಹಾಕಿದ್ದೆ. ಯಾರೂ ನೋಡ್ಲಿಲ್ಲ, ಏನೂ ಕೆಡ್ಲಿಲ್ಲ. ನನಗೂ ನಿಮಗೂ ಅಷ್ಟೇ ವ್ಯತ್ಯಾಸ. ಹೋದ್ ವರ್ಷ ಇಲ್ಲಿನ ಹುಡುಗ ಒಬ್ಬ ಫ್ರೀಜರ್ ಬಾಗಿಲು ತೆಗೆದಿಟ್ಟು ಮನೆಗೆ ಹೋದ. ಎಲ್ಲಾ ಕರಗಿ ನೀರಾಯ್ತು. 'ಪಾಪ, ಸುಸ್ತಾಗಿದ್ದ' ಅಂದ್ರು. ನಮಗೆ ಹಂಗನ್ನಲ್ಲ. 'ಆ ಕಾಲೇಜುಗಳೋರೇ ಇಷ್ಟು' ಅಂತಾರೆ. ಆಮೇಲೆ ಓರ್ಫಾ ಬರೋ ಹಾಗಿಲ್ಲ. ಆ ಯಂತ್ರಾನೂ ಇಲ್ಲ. ನಿಮ್ಮನ್ನ ನೋಡಿ ಇನ್ನೂ ಎಷ್ಟು ಕಾಲೇಜಿಂದ ಜನ ಬರ್ಬೇಕು ಅಂತ ಕಾಯ್ತಿದಾರೆ, ಗೊತ್ತಾ?"

"ಆ ಹುಡುಗಿ?"

"ಕೊರಿನ್‌ಗೆ ಏನೋ ಒಂದು ದಾರಿ ಆಗುತ್ತೆ. ಬಿಳಿಯರಿಗೆ ಆಗುತ್ತೆ ಮೇಷ್ಟ್ರೇ. ಯಾವತ್ತೂ ಆಗುತ್ತೆ." ಹೇಳುವಾಗ ಅವಳು ಅವರ ಮುಖ ನೋಡಲಿಲ್ಲ.

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಸ್ಟೆಲಿನ ಕೋಣೆಗೆ ಬಂದು ಹೆಂಡತಿಗೆ ಫೋನು ಮಾಡಿದರು. ಅವಳಿಗಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅರ್ಲೀನ್ ಶುರುಮಾಡಿಬಿಟ್ಟಳು. "ಏನ್ರೀ, ಭಾನುವಾರ ಚರ್ಚಲ್ಲಿ ಪಾದ್ರಿಗಳು ನಿಮ್ಮ ಹೆಸರು ಎತ್ತಿದ್ರು ಕಣ್ರೀ! ಎಲ್ರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಆ ಹೊಟ್ಟೆಕಿಚ್ಚಿನ ಮೇಬೆಲ್ ಕೂಡ ತಟ್ಟಿದ್ಲು, ನಾನ್ ತಿರುಗಿ ನೋಡ್ದೆ. ಅಲ್ಲಿ ಹೊಟ್ಟೆ ತುಂಬ ಊಟ ಹಾಕ್ತಾರಾ? ಬಂದ್ಮೇಲೆ ಮೀನು ಕರೀತೀನಿ, ಜೋಳದ ರೊಟ್ಟಿ ಸುಡ್ತೀನಿ. ಯಾಕ್ರೀ ಸುಮ್ನಿದೀರಿ?"

"ಏನಿಲ್ಲ. ಸುಸ್ತು" ಎಂದರು ಹಾಪ್‌ಸನ್.

ಲ್ಯಾಬಿನ ಸಭೆಯಲ್ಲಿ ಕೊರಿನ್ ತಾನೇ ಎದ್ದು, ಎಲ್ಲಿ ಎಡವಿದೆನೋ ತಿಳಿಯುತ್ತಿಲ್ಲ, ತಪ್ಪು ನನ್ನದೇ ಇರಬೇಕು ಎಂದಳು. ನದಿಯ ಟ್ರಸ್ಟಿನಿಂದ ಬಂದಿದ್ದವನು ಸಭ್ಯವಾಗಿಯೇ ಮಾತಾಡಿದ. ಅವಳ ಸಂಬಳ ಅವನ ಕಡೆಯಿಂದಲೇ ಬರುತ್ತಿತ್ತು. ಮೈಮೇಲೆ ಪ್ರಜ್ಞೆ ಇಟ್ಟು ಕೆಲಸ ಮಾಡುವವರು ಬೇಕು ಎಂದ, ಈ ಕೆಲಸವನ್ನು ಬೇರೆ ಕಡೆ ಕೊಡುತ್ತೇವೆ ಎಂದ. ರೆನೆಟಾ ಅವಳ ಪರವಾಗಿ ವಾದಿಸಿದಳು, ಬೆವರಿಳಿಯುವಷ್ಟು ವಾದಿಸಿದಳು, ಆ ಒಂದು ಮಾತನ್ನು ಮಾತ್ರ ಬಿಟ್ಟು. ಹಾಪ್‌ಸನ್ ಎರಡು ಸಲ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಎರಡು ಸಲವೂ ಅವರ ಕಣ್ಣೆದುರು ಓರ್ಫಾಳ ಮುಖ ಬಂತು. ಇಲ್ಲ, ಹಾಗೆ ಹೇಳಿದರೆ ಅರ್ಧ ಸುಳ್ಳು. ಚರ್ಚಿನ ಆ ಚಪ್ಪಾಳೆಯೂ ಬಂತು.

ಆಮೇಲಿನ ದಿನಗಳಲ್ಲಿ ಕೊರಿನ್‌ಗೆ ಯಾವ ದಾರಿಯೂ ಆಗಲಿಲ್ಲ. ಬೇರೆ ಲ್ಯಾಬುಗಳಲ್ಲಿ ಕೇಳಿದಳು. ಮಾತು ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಕೈ ಚೊಕ್ಕವಿಲ್ಲ ಎನ್ನುವ ಮಾತು ಲ್ಯಾಬುಗಳಲ್ಲಿ ಬೇಗ ಓಡಾಡುತ್ತದೆ. ಓದು ಸದ್ಯಕ್ಕೆ ಸಾಕು ಎಂದು ಅವಳು ಊರಿಗೆ ಹೊರಟಳು.

ಅವಳು ಮೇಜು ಖಾಲಿ ಮಾಡುವ ದಿನ ಬೆಳಿಗ್ಗೆ ಹಾಪ್‌ಸನ್ ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಗೆ ಹೇಳಿದರು: ಇವತ್ತು ಹೇಳಿಯೇ ಹೇಳುತ್ತೇನೆ, ಏನಾದರೂ ಆಗಲಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದರು. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಕೊರಿನ್ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಇವರನ್ನು ನೋಡಿ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಮೇಷ್ಟ್ರೇ, ಒಂದ್ ಮಾತು ಕೇಳ್ಲಾ? ಬೇರೆ ಎಲ್ರೂ 'ಬಿಡು, ನಿಂದೇನೂ ತಪ್ಪಿಲ್ಲ' ಅಂತಾರೆ. ಮುಖ ನೋಡಿದ್ರೇ ಗೊತ್ತಾಗುತ್ತೆ, ಬಾಯಿ ಮಾತು ಅಂತ. ನೀವು ಅಷ್ಟು ವರ್ಷ ಪಾಠ ಹೇಳಿದೀರಿ, ಎಷ್ಟೋ ಕೈ ನೋಡಿದೀರಿ. ಇಲ್ಲೂ ನನ್ನ ಪಕ್ಕದಲ್ಲೇ ಕೂತು ನನ್ನ ಕೆಲಸ ನೋಡಿದೀರಿ. ನನ್ನ ಕೈ ಈ ಕೆಲಸಕ್ಕೆ ಆಗೋದಿಲ್ವಾ? ನಿಜ ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ಬಾಯಿಪಾಠ ಮಾಡಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಚೊಕ್ಕ ಕೈಯನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಅದನ್ನಾದರೂ ಹೇಳಬಹುದಿತ್ತು. ಆದರೆ ಅದನ್ನು ಹೇಳಿದರೆ, ಹಾಗಾದರೆ ಹೊಲಸು ಎಲ್ಲಿಂದ ಬಂತು ಮೇಷ್ಟ್ರೇ ಎಂದು ಅವಳು ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ.

"ಕೈ ಅಂದ್ಮೇಲೆ ಎಲ್ರದ್ದೂ ಒಂದೊಂದ್ ಸಲ ತಪ್ಪುತ್ತೆ ಮಗಳೇ" ಎಂದರು.

ಕೊರಿನ್ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ತಲೆಯಾಡಿಸಿದಳು, ನಕ್ಕಳು ಕೂಡ. "ಥ್ಯಾಂಕ್ಸ್ ಮೇಷ್ಟ್ರೇ. ನೀವೊಬ್ರಾದ್ರೂ ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು."

ಪೆಟ್ಟಿಗೆಯನ್ನು ತಾವೇ ಹೊರುತ್ತೇನೆಂದು ಹಾಪ್‌ಸನ್ ಹಟ ಹಿಡಿದರು. ಕೆಳಗೆ ರಸ್ತೆಯ ಬದಿ ಹಳೆಯ ಪಿಕಪ್ಪು ನಿಂತಿತ್ತು. ಅವಳಪ್ಪ ನಲ್ಲಿ, ಪೈಪು ರಿಪೇರಿ ಮಾಡುವವನು. ಮೊಣಕೈವರೆಗೆ ತೋಳು ಮಡಿಸಿದ್ದವನು ಬೇಗಬೇಗ ಇಳಿದು ಬಂದು ಪೆಟ್ಟಿಗೆ ತೆಗೆದುಕೊಂಡ. "ನೀವೇ ಅಲ್ವಾ ಮೇಷ್ಟ್ರು? ನಿಮ್ ವಿಷ್ಯಾನೇ ಹೇಳ್ತಿರ್ತಾಳೆ ನನ್ ಮಗಳು. ದೂರದ ಊರಲ್ಲಿ ಅವಳನ್ನ ಚೆನ್ನಾಗ್ ನೋಡ್ಕೊಂಡ್ರಿ" ಎಂದು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಹಾಪ್‌ಸನ್ನರಿಗೆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಅವನು ಪೆಟ್ಟಿಗೆಗಳಿಗೆ ಹಗ್ಗ ಬಿಗಿದ. ಬಿಗಿದದ್ದನ್ನು ಜಗ್ಗಿ ನೋಡಿ, ಸಮಾಧಾನವಾಗದೆ ಬಿಚ್ಚಿ ಮತ್ತೆ ಬಿಗಿದ. ಕೊರಿನ್ ಒಳಗೆ ಕೂತು ಬೆಲ್ಟು ಹಾಕಿಕೊಂಡು ಕಿಟಕಿಯಿಂದ ಕೈ ಬೀಸಿದಳು. ರಜೆಯ ಬೆಳಿಗ್ಗೆ, ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಪಿಕಪ್ಪು ತಿರುವಿನವರೆಗೆ ಹೋಗಿ ಪೂರ್ತಿ ನಿಂತಿತು. ಅಪ್ಪ ಎಡಕ್ಕೆ ನೋಡಿದ, ಮಗಳು ಬಲಕ್ಕೆ ನೋಡಿದಳು, ಇಬ್ಬರೂ ಇನ್ನೊಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಹೊರಟರು.