ಹುಳಮನೆಯಲ್ಲಿಟ್ಟ ಚಿತ್ರಗಳು

ಅಕ್ಕೂರಿನಲ್ಲಿ, ಬಾವ ರೇಷ್ಮೆ ಸಾಕುವ ಹುಳಮನೆಯ ಬಾಗಿಲು ತಳ್ಳಿದಾಗ ಲತಾಮಣಿಗೆ ಮೊದಲು ಬಡಿದದ್ದು ಬ್ಲೀಚಿಂಗ್ ಪೌಡರಿನ ವಾಸನೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ನೋಡಿದಾಗ ಇರಾನಿ ಮಿಸ್ಸಿನ ಚಿತ್ರಗಳು ಗೋಡೆಗೆ ಒರಗಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಒಂದರಲ್ಲೂ ಬಣ್ಣವಿರಲಿಲ್ಲ.

"ಬಂದ್ಯಾ ಲತಾ?" ಅಕ್ಕನ ಗಂಡ ಕೆಂಪರಾಜು ಟವೆಲಿನಲ್ಲಿ ಕೈ ಒರೆಸುತ್ತ ಹಿಂದೆಯೇ ಬಂದ. "ಚಾಕಿ ಹುಳ ನಾಳೆನೇ ಬತ್ತದಂತೆ ಕಣವ್ವ, ಎಳೇ ಮರಿಗಳು. ಅದಕ್ಕೆ ಇಡೀ ಮನೆಗೆ ಔಷ್ದಿ ಹೊಡ್ದೆ. ನಿನ್ನ ಪಟಗಳ್ನೂ ಬುಡ್ಲಿಲ್ಲ. ಒಂದೊಂದನ್ನೂ ತಿರುಗ್ಸಿ ಹಿಂದೆ ಮುಂದೆ ಹೊಡ್ದಿವ್ನಿ. ನೀನೇ ಹೇಳಿದ್ದಲ್ಲ, ಹುಳ ನೋಡ್ಕಂಡಂಗೆ ನೋಡ್ಕಳಿ ಅಂತ?"

ಹೇಳಿದ್ದು ಹೌದು. ಚನ್ನಪಟ್ಟಣದ ಶಾಲೆಯಲ್ಲಿ ಚಿತ್ರಗಳಿಗೆಂದು ಕೊಟ್ಟ ಕೋಣೆಯ ಸೂರು ರಿಪೇರಿಗೆ ಬಂದಾಗ, ಅವನ್ನು ಎಲ್ಲಿಡುವುದೆಂದು ಅವಳು ಊಟ ಬಿಟ್ಟು ಯೋಚಿಸಿದ್ದಳು. ತನ್ನ ಬಾಡಿಗೆ ಮನೆಯಲ್ಲಿ ಗೋಡೆಗೆ ಥಂಡಿ. ಶಾಲೆಯ ಸ್ಟೋರಿನಲ್ಲಿ ಇಲಿ. ಬಾವನ ಹುಳಮನೆ ಒಣಗಿದ ಜಾಗ, ಗಾಳಿಯಾಡುತ್ತದೆ, ಕಿಟಕಿಗೆಲ್ಲ ಜಾಲರಿ. ಹೊಸ ಹುಳ ಬರುವುದಕ್ಕೂ ಇನ್ನೂ ಸಮಯವಿತ್ತು. ಬಾವ ತನ್ನ ಮಕ್ಕಳಿಗೆ ಜ್ವರ ಬಂದರೂ ಅಷ್ಟು ಗಾಬರಿಯಾಗದವನು, ಹುಳುವಿಗೆ ಹಾಲುತೊಂಡೆ ರೋಗ ತಗುಲೀತೆಂದು ನಿದ್ದೆಗೆಡುವವನು. ಅಂಥವನಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದೆಂದು ಆ ಮಾತು ಹೇಳಿ, ಒಳಗೊಳಗೇ ಹೆಮ್ಮೆಪಟ್ಟಿದ್ದಳು ಕೂಡ.

"ಒಸಿ ಬಿಳಿಚ್ಕಂಡವೆ," ಕೆಂಪರಾಜು ಅವಳ ಮುಖ ನೋಡಿ ದನಿ ತಗ್ಗಿಸಿದ. "ಒಣಗಿದ್ಮೇಲೆ ಬತ್ತದಲ್ವಾ ಬಣ್ಣ?"

ಅವಳು ಚಿತ್ರಗಳ ಮುಂದೆ ಕುಕ್ಕರಿಸಿದಳು. ಎಲ್ಲ ಚಿತ್ರಗಳಲ್ಲೂ ದೀಪದ ಮಸಿಯಲ್ಲಿ ಎಳೆದ ಗೆರೆಗಳು ಮಾತ್ರ ಹಾಗೇ ಇದ್ದವು. ದಾಳಿಂಬೆ ಇತ್ತು, ಕೆಂಪಿರಲಿಲ್ಲ.

ಮಿಸ್ಸಿನ ಹೆಸರು ತಾಹೆರೆ. ಇರಾನಿನ ಇಸ್ಫಹಾನ್ ಪಟ್ಟಣದ ಹುಡುಗಿ. ಚಿತ್ರಕಲೆ ಕಲಿಯಲು ಬೆಂಗಳೂರಿಗೆ ಬಂದಿದ್ದಾಗ ಅವರ ದೇಶದಲ್ಲಿ ಸರ್ಕಾರವೇ ಬದಲಾಯಿತು. ಬರಬೇಡ ಎಂದು ತಾಯಿಯಿಂದ ಸುದ್ದಿ ಬಂತು. ಒಂದು ಭಾನುವಾರ ಗೊಂಬೆ ನೋಡಲೆಂದು ಚನ್ನಪಟ್ಟಣಕ್ಕೆ ಬಂದವರು, ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತುವುದನ್ನು ನೋಡುತ್ತ ಕೊನೆಯ ಬಸ್ಸು ತಪ್ಪಿಸಿಕೊಂಡರು. ಆಮೇಲೆ ಇಲ್ಲಿನ ಶಾಲೆಯಲ್ಲೇ ಡ್ರಾಯಿಂಗ್ ಟೀಚರಾದರು. ಬಣ್ಣದ ಟ್ಯೂಬುಗಳನ್ನು ಕೊಳ್ಳಲಾಗದ ಕಾಲದಲ್ಲಿ ಗೊಂಬೆ ಮಾಡುವವರಿಂದ ಅರಿಶಿನ, ನೀಲಿ, ಕುಂಕುಮದ ಬಣ್ಣ ತಂದು ದಪ್ಪ ಕಾಗದದ ಮೇಲೆ ಹಚ್ಚಿದರು. ಕೊನೆವರೆಗೂ ಅದನ್ನೇ ಹಚ್ಚಿದರು.

ಸಂಜೆ ಹೊತ್ತು ಗೊಂಬೆ ಕೆಲಸದ, ರೇಷ್ಮೆ ಕೆಲಸದ ಹುಡುಗಿಯರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ದೊಡ್ಡಮಳೂರಿನಿಂದ ನಡೆದು ಬರುತ್ತಿದ್ದ ಲತಾಮಣಿ ಅವರಲ್ಲೊಬ್ಬಳು. ಇವತ್ತು ಅದೇ ಶಾಲೆಯಲ್ಲಿ ಅವಳು ಡ್ರಾಯಿಂಗ್ ಟೀಚರ್ ಆಗಿರುವುದು ಆ ಪಾಠದಿಂದ.

ಮಿಸ್ಸು ಯಾವ ಹುಡುಗಿಯ ಹಾಳೆಯ ಮೇಲೂ ತಮ್ಮ ಕುಂಚ ಇಟ್ಟವರಲ್ಲ. ತಿದ್ದಬೇಕಾದರೆ ಪಕ್ಕದಲ್ಲಿ ಬೇರೆ ಚೀಟಿ ಇಟ್ಟು ಬರೆದು ತೋರಿಸುತ್ತಿದ್ದರು. "ನೀವೇ ತಿದ್ದಿಬಿಡಿ ಮಿಸ್" ಎಂದು ಲತಾಮಣಿ ಗೋಗರೆದಾಗ, ಬಾಯಲ್ಲಿ ಖರ್ಜೂರವಿಟ್ಟುಕೊಂಡಂಥ ತಮ್ಮ ಕನ್ನಡದಲ್ಲಿ ನಗುತ್ತ, "ತಪ್ಪು ನಿಂದು ಕಣಮ್ಮಿ. ನಾನ್ಯಾಕೆ ಕಿತ್ಕಳ್ಲಿ?" ಅಂದಿದ್ದರು.

ಸಾಯುವ ಮುಂಚೆ ಚಿತ್ರಗಳನ್ನೆಲ್ಲ ಶಾಲೆಗೆ ಕೊಟ್ಟರು. ಕೇಳಿಕೊಂಡದ್ದು ಒಂದೇ: ಒಂದು ಗೋಡೆ ಕೊಡಿ, ಗಾಜು ಹಾಕಬೇಡಿ, ಮಕ್ಕಳು ಹತ್ತಿರದಿಂದ ನೋಡಲಿ. ಆ ಗೋಡೆಗಾಗಿ ಲತಾಮಣಿ ಮೂರು ವರ್ಷ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು.

ಹುಳಮನೆಗೆ ಹೋಗಿಬಂದ ಮರುದಿನ ಅದೇ ಬಾಗಿಲಲ್ಲಿ ನಿಂತು ಆದದ್ದನ್ನೆಲ್ಲ ಹೇಳಿದಳು. ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದಳು. ಶಾಲೆಯ ಕಾರ್ಯದರ್ಶಿ ಕರಿಯಪ್ಪನವರು ಕಾಫಿ ತರಿಸಿದರು.

"ಅಳಬೇಡಿ ಮೇಡಂ. ಗೆರೆ ಎಲ್ಲ ಹಂಗೇ ಐತಲ್ಲ? ನೀವೇ ಬಣ್ಣ ತುಂಬಿಬಿಡಿ."

"ಅದು ಮಿಸ್ಸಿನ ಚಿತ್ರ ಸಾರ್. ನಾನು ಹೇಗೆ... ಹೀಗೇ ನೇತುಹಾಕೋಣ. ನನ್ನಿಂದ ಹಾಳಾಯ್ತು ಅಂತ ಕೆಳಗೆ ಬರೆಯೋಣ."

"ಉದ್ಘಾಟನೆ ದಿನ ಬಿಳೀ ಕಾಗದ ನೋಡೋಕೆ ಎಮ್ಮೆಲ್ಲೆ ಬತ್ತಾರಾ?" ಕರಿಯಪ್ಪನವರು ನಕ್ಕರು. "ನೋಡಿ, ಆ ರೂಮು ಕಂಪ್ಯೂಟರ್ ಲ್ಯಾಬಿಗೆ ಕೊಡಿ ಅಂತ ಎಲ್ಲರೂ ನನ್ನ ತಲೆ ತಿಂತಾವ್ರೆ. ನಾನೇ ತಡೆದು ಕೂತಿರೋದು. ನಿಮ್ಗಾಗಲ್ಲ ಅಂದ್ರೆ ಹೇಳಿ, ಬೋರ್ಡ್ ಬರೆಯೋ ಪುನೀತಂಗೆ ಹೇಳ್ತೀನಿ. ಎರಡು ದಿನದಲ್ಲಿ ಫಳಫಳ ಅನ್ನಿಸ್ತಾನೆ."

"ಯಾರಾದ್ರೂ ಕೇಳಿದ್ರೆ ಸಾರ್?"

"ಯಾರು ಕೇಳ್ತಾರೆ ಮೇಡಂ?"

ಅವರು ಸಮಾಧಾನ ಹೇಳಲೆಂದೇ ಆಡಿದ ಮಾತು ಅದು. ಮನೆಗೆ ಬಂದು ಅವಳು ಒಬ್ಬೊಬ್ಬರ ಹೆಸರನ್ನೇ ಎಣಿಸಿ ನೋಡಿದಳು. ಕೇಳುವವರು ನಿಜಕ್ಕೂ ಯಾರೂ ಇರಲಿಲ್ಲ.

ಪುನೀತನ ಎನಾಮೆಲ್ ಡಬ್ಬಿ ನೆನೆದು ಅವಳೇ ಒಪ್ಪಿಕೊಂಡಳು. ಗೊಂಬೆ ಮಾಡುವವರ ಬೀದಿಗೆ ಹೋಗಿ ಮಿಸ್ಸು ತರುತ್ತಿದ್ದ ಬಣ್ಣಗಳನ್ನೇ ತಂದಳು. ಮೊದಲ ಚಿತ್ರದ ಮುಂದೆ ಕುಂಚ ಹಿಡಿದು ಕೂತರೆ ಕೈ ಇಳಿಯಲೊಲ್ಲದು. ಅಭ್ಯಾಸಬಲದಿಂದ ಪಕ್ಕದಲ್ಲಿ ಒಂದು ಚೀಟಿ ಇಟ್ಟು, ಅದರ ಮೇಲೆ ಬಣ್ಣ ನೋಡಿ, ಕೊನೆಗೆ ಚಿತ್ರಕ್ಕೇ ಇಟ್ಟಳು. ಒಂದು ಸಲ ಇಟ್ಟ ಮೇಲೆ ಕಷ್ಟವಾಗಲಿಲ್ಲ. ಅದೇ ಅವಳಿಗೆ ಅಸಹ್ಯವೆನಿಸಿತು.

ಹಿಪ್ಪುನೇರಳೆ ಚಿತ್ರವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಇಸ್ಫಹಾನಿನ ಅಂಗಳ, ಮನೆಯೆತ್ತರದ ಹಿಪ್ಪುನೇರಳೆ ಮರ, ಕೆಳಗೆ ಹಣ್ಣು ಉದುರಿಸಿಕೊಳ್ಳಲು ಬಟ್ಟೆ ಹಾಸುತ್ತಿರುವ ಮಿಸ್ಸಿನ ತಾಯಿ. ಚಿತ್ರಗಳನ್ನು ಹುಳಮನೆಗೆ ಸಾಗಿಸಿದ ದಿನ ಕೆಂಪರಾಜು ಇದರ ಮುಂದೆಯೇ ನಿಂತುಬಿಟ್ಟಿದ್ದ. "ಇಷ್ಟೆತ್ತರದ ಮರನಾ? ಇದೊಂದಿದ್ರೆ ಎಷ್ಟು ಹುಳ ಮೇಯ್ಸಬೋದು! ಇವ್ರು ಹಣ್ಣು ಆಯ್ಕಂಡು ಕುಂತವ್ರಲ್ಲಪ್ಪ!"

ಮರಕ್ಕೆ ಬಣ್ಣ ತುಂಬಿದಳು. ಅಂಗಳದ ಇಟ್ಟಿಗೆಗೆ ತುಂಬಿದಳು. ತಾಯಿಯ ತಲೆವಸ್ತ್ರಕ್ಕೆ ಬಂದಾಗ ಕೈ ನಿಂತಿತು. ಅದು ನೀಲಿಯಾಗಿತ್ತೆ, ಹಸಿರಾಗಿತ್ತೆ? ಪಾಠದ ದಿನಗಳಿಂದ ನೂರಾರು ಸಲ ಕಂಡ ಚಿತ್ರ. ಕಣ್ಣು ಮುಚ್ಚಿ ಕೂತಳು, ಎದ್ದು ನೀರು ಕುಡಿದಳು, ಮತ್ತೆ ಕಣ್ಣು ಮುಚ್ಚಿದಳು. ನೆನಪಾಗಲಿಲ್ಲ. ಚೀಟಿಯಲ್ಲಿ ಹಸಿರಿಗಿಂತ ನೀಲಿ ಚೆನ್ನಾಗಿ ಕಂಡಿತೆಂದು ನೀಲಿ ಹಚ್ಚಿದಳು.

ಉದ್ಘಾಟನೆಯ ದಿನ ಎಮ್ಮೆಲ್ಲೆ ರಿಬ್ಬನ್ ಕತ್ತರಿಸಿ, ಮಿಸ್ಸಿನ ಫೋಟೋಗೆ ಹಾರ ಹಾಕಿ, ಕಾರಿನತ್ತ ತಿರುಗುತ್ತಲೇ "ಬಣ್ಣ ನೋಡ್ರೀ, ನಿನ್ನೆ ಬರೆದಂಗಿದೆ" ಅಂದರು. ಕರಿಯಪ್ಪನವರು ಲತಾಮಣಿಯತ್ತ ನೋಡಿ ಸಣ್ಣಗೆ ತಲೆಯಾಡಿಸಿದರು. ಹಳೆಯ ವಿದ್ಯಾರ್ಥಿನಿಯರೂ ಬಂದಿದ್ದರು. ಸಂಜೆ ಪಾಠದ ಗೆಳತಿ ಫಿರೋಜಾ ಒಂದು ಚಿತ್ರದ ಮುಂದೆ ನಿಂತಳು. ಈಗ ಕೇಳುತ್ತಾಳೆ ಎಂದುಕೊಂಡಳು ಲತಾಮಣಿ. ಕೇಳಲಿ ಎಂದೇ ಆಸೆಪಟ್ಟಳು. ಫಿರೋಜಾ ಸೆರಗಿನಿಂದ ಕಣ್ಣೊತ್ತಿಕೊಂಡು, "ಮಿಸ್ಸೇ ಎದುರಿಗೆ ಬಂದಂಗಾಯ್ತು ಕಣೆ," ಅಂದಳು.

ಎಲ್ಲರೂ ತಿಂಡಿಗೆ ಹೋದ ಮೇಲೆ ಬಾಗಿಲಲ್ಲಿ ಕೆಂಪರಾಜು ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ. ಚಿತ್ರಗಳನ್ನು ಅವಳು ವಾಪಸ್ ಒಯ್ದ ದಿನದಿಂದ ಅವನು ಅವಳಿಗೆ ಮುಖ ತೋರಿಸಿರಲಿಲ್ಲ. ಸರಿಯಾಗಿ ಉಣ್ಣುತ್ತಿಲ್ಲ, ಹುಳುವಿಗೆ ಸೊಪ್ಪು ಹಾಕುವಾಗಲೂ ಸತ್ತವರ ಸೊತ್ತು ಕೆಡಿಸಿಬುಟ್ಟೆ ಅಂತಾನೆ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಆ ಚಿತ್ರಗಳಿಗಾಗಿ ಸಂಕಟಪಡುತ್ತಿದ್ದವನು ಊರಲ್ಲೆಲ್ಲ ಅವನೊಬ್ಬನೇ.

ಚಪ್ಪಲಿಯನ್ನು ಹುಳಮನೆಯ ಮುಂದೆ ಬಿಡುವ ಹಾಗೆ ಹೊರಗೇ ಬಿಟ್ಟು ಒಳಗೆ ಬಂದ. ಒಂದು ಚಿತ್ರ ನೋಡಿದ. ಇನ್ನೊಂದು ನೋಡಿದ. ಹಿಪ್ಪುನೇರಳೆ ಮರದ ಮುಂದೆ ನಿಂತು ತಿರುಗಿದಾಗ ಅವನ ಮುಖವೆಲ್ಲ ಅರಳಿತ್ತು.

"ಬಂದ್ಬುಟ್ಟದಲ್ಲವ್ವ ಬಣ್ಣ!"

ಲತಾಮಣಿ ಬಾಗಿಲತ್ತ ನೋಡಿದಳು. ಯಾರೂ ಇರಲಿಲ್ಲ.

"ನಾನು ಹೇಳ್ಲಿಲ್ವಾ, ಒಣಗಿದ್ಮೇಲೆ ಬತ್ತದೆ ಅಂತ? ನಿಮ್ಮಕ್ಕ ನಂಬ್ಲೇ ಇಲ್ಲ." ಅವನು ಎರಡು ಹೆಜ್ಜೆ ಹತ್ತಿರ ಬಂದ. "ಹಂಗಾದ್ರೆ ನಾನು ಕೆಡಿಸ್ಲಿಲ್ಲ, ಅಲ್ವಾ?"

ಅವಳ ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಇಲ್ಲ ಬಾವ," ಅಂದಳು. "ಒಣಗಿದ ಮೇಲೆ ಬಂತು."

ಕೆಂಪರಾಜು ಉಸಿರು ಬಿಟ್ಟ. ಆಮೇಲೆ ಹೊರಗೆ ಉಪ್ಪಿಟ್ಟು ತಿನ್ನುತ್ತಿದ್ದವರನ್ನೆಲ್ಲ ಕೂಗಿ ಕರೆಯತೊಡಗಿದ: "ಬನ್ರಪ್ಪ, ಹತ್ರ ಬಂದು ನೋಡಿ. ನಮ್ಮ ಹುಳಮನೇಲೇ ಇದ್ದಿದ್ದು ಇವು."