ಆರು ಜೊತೆ ಬಿಳಿ ಶೂ

ನಮ್ಮ ಲಾಂಡ್ರಿಯಲ್ಲಿ ಮೂರು ಮೆಷಿನ್‌ಗಳಿವೆ. ಮೂರನೆಯದನ್ನು ತಂದವರು ನನ್ನ ಗಂಡ. ಅವರು ತೀರಿಕೊಂಡ ಮೇಲೆ ಅದಕ್ಕೆ ಬಟ್ಟೆ ಸಾಲದೆ ಬಾಯಿ ತೆರೆದುಕೊಂಡೇ ನಿಂತಿತ್ತು. ಅವರ ಅಣ್ಣ, ನನ್ನ ಭಾವ, ಅದನ್ನು ಮಾರಲು ಒಬ್ಬನಿಗೆ ಹೇಳಿಟ್ಟರು. ನಾನು ಬೇಡವೆಂದೆ. ಅದರಲ್ಲಿ ಶೂ ಒಗೆಯುತ್ತೇನೆ ಎಂದೆ.

“ಮೆಷಿನ್‌ನಲ್ಲಿ ಯಾರಾದ್ರೂ ಚಪ್ಪಲಿ ಒಗೀತಾರೇನಮ್ಮ?”

“ಚಪ್ಪಲಿ ಅಲ್ಲ ಭಾವ, ಕ್ಯಾನ್ವಾಸ್ ಶೂ. ಆ ಮೆಷಿನ್‌ಗೆ ಬಟ್ಟೆ ಹಾಕಲ್ಲ. ಬರೀ ಶೂ.”

“ಓದಿದವಳ ಹತ್ರ ವಾದ ಮಾಡಿ ಗೆಲ್ಲೋಕಾಗಲ್ಲ. ಒಂದ್ಸಲ ಮಾಡಿ ತೋರ್ಸು. ಸರಿಹೋಗ್ಲಿಲ್ವೋ, ಬುಧವಾರ ಅವನು ಬರ್ತಾನೆ, ಗಾಡಿಗೆ ಹೇರಿಸಿಬಿಡ್ತೀನಿ.”

ಹಾಗೆ ಬಂದವು ಬಸ್ ಡಿಪೋದ ಹೆಂಗಸರ ವಾಲಿಬಾಲ್ ತಂಡದ ಶೂಗಳು. ಆರು ಜೊತೆ, ಎಲ್ಲವೂ ಡಿಪೋದವರೇ ಕೊಡಿಸಿದ್ದು, ಎಲ್ಲವೂ ಬಿಳಿ. ಕೆಸರಲ್ಲಿ ಆಡಿ ಆಡಿ ಬಿಳಿಯೆಂಬುದು ಹೆಸರಿಗೆ ಮಾತ್ರ ಉಳಿದಿತ್ತು. ತಂಡದ ನಾಯಕಿಯನ್ನು ಎಲ್ಲರೂ ಡ್ರೈವರಕ್ಕ ಎನ್ನುತ್ತಾರೆ. ಅವಳು ಚೀಲವನ್ನು ಕೌಂಟರಿನ ಮೇಲಿಟ್ಟು, “ಬುಧವಾರ ಸಂಜೆ ಪಂದ್ಯ ಇದೆ. ಬರಿಗಾಲಲ್ಲಿ ಆಡಿಸ್ಬೇಡಿ ನಮ್ಮನ್ನ” ಎಂದಳು.

ಭಾವ ಒಂದೊಂದು ಜೊತೆಗೂ ಗುರುತಿನ ಚೀಟಿ ಕಟ್ಟಿದರು. ನಾನು ಒಗೆದೆ. ಲೇಸು ಬಿಚ್ಚಿದೆ, ಒಳಗಿನ ಅಟ್ಟೆ ತೆಗೆದೆ, ಒಣಗಿದ ಕೆಸರು ಕೆರೆದೆ. ಶೂಗಳನ್ನು ಹಳೆಯ ದಿಂಬಿನ ಚೀಲಗಳಲ್ಲಿ ಕಟ್ಟಿ, ಡ್ರಮ್ಮಿಗೆ ಬಡಿಯದಿರಲೆಂದು ದಪ್ಪ ಟವೆಲ್‌ಗಳ ನಡುವೆ ಇಟ್ಟೆ. ತಣ್ಣೀರು, ಸ್ವಲ್ಪವೇ ಸೋಪು. ಬಿಸಿನೀರಿಗೆ ಅಡಿಯ ಅಂಟು ಸಡಿಲವಾಗುತ್ತದೆ. ರಸಾಯನಶಾಸ್ತ್ರ ಓದಿದ್ದು ಅಷ್ಟಕ್ಕಾದರೂ ಒದಗಿತು. ಆಮೇಲೆ ಒಳಗೆ ಕಾಗದ ತುರುಕಿ ಫ್ಯಾನಿನ ಮುಂದೆ ಸಾಲಾಗಿಟ್ಟೆ.

ಬುಧವಾರ ಬೆಳಿಗ್ಗೆ ಅವು ಹಾಲಲ್ಲಿ ತೊಳೆದ ಹಾಗಿದ್ದವು. ಭಾವ ಒಂದನ್ನೆತ್ತಿ ಅಡಿಯ ಅಟ್ಟೆ ಬಗ್ಗಿಸಿ ನೋಡಿದರು. ಅಂಟು ಬಿಟ್ಟಿರಲಿಲ್ಲ. ಇನ್ನೊಂದನ್ನೆತ್ತಿದರು. ಆಮೇಲೆ ಕೇಳಿದರು.

“ಚೀಟಿ ಎಲ್ಲಿ?”

ಚೀಟಿಗಳು ತಂತಿಯ ಮೇಲಿದ್ದವು, ಒಣಗುತ್ತಿದ್ದ ಲೇಸುಗಳ ಜೊತೆ.

“ಲೇಸಿಗೆ ಕಟ್ಟಿದ್ರಾ ಭಾವ?”

“ಮತ್ತಿನ್ನೇನು, ನನ್ನ ಕೊರಳಿಗೆ ಕಟ್ಕೊಳ್ಳಾ?”

ಅವರ ತಪ್ಪೆನ್ನಲಾಗದು. ಅಂಗಿಯಾದರೆ ಗುಂಡಿಯ ತೂತಿಗೆ, ಪ್ಯಾಂಟಾದರೆ ಬೆಲ್ಟಿನ ಪಟ್ಟಿಗೆ ಚೀಟಿ ಕಟ್ಟಿ ರೂಢಿಯಾದ ಕೈ. ಆ ಕೈ ಶೂ ಕಂಡಾಗ ಲೇಸನ್ನು ಹಿಡಿಯಿತು. ನನ್ನ ಕೈ ಚೀಟಿ ಸಮೇತ ಬಿಚ್ಚಿತು. ಈಗ ಆರು ಎಡ, ಆರು ಬಲ, ಯಾವುದು ಯಾರದೆಂದು ಹೇಳುವವರಿಲ್ಲ.

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ಅವನಿಗೆ ಬಾ ಅಂತೀನಿ,” ಎಂದು ಭಾವ ಫೋನ್ ತೆಗೆದರು.

“ಬರ್ಲಿ. ಮೊದಲು ಡ್ರೈವರಕ್ಕನಿಗೆ ಫೋನ್ ಮಾಡಿ. ಆರೂ ಜನ ಬರ್ಬೇಕು.”

ಶೂಗಳನ್ನೆಲ್ಲ ಬೋರಲು ಹಾಕಿದೆ. ಒಬ್ಬಳು ಹಿಮ್ಮಡಿಯ ಹೊರಬದಿ ಸವೆಸುತ್ತಾಳೆ, ಒಬ್ಬಳು ಹೆಬ್ಬೆರಳಿನ ಕೆಳಗೆ. ಸವೆತ ನೋಡಿ ಎಡಕ್ಕೆ ಬಲ ಸೇರಿಸಿ, ಒಳಗಿನ ಅಟ್ಟೆ ಕೂರಿಸಿ ಲೇಸು ಪೋಣಿಸಿದೆ. ಎರಡು ಜೊತೆಗಳಲ್ಲಿ ಮಾತ್ರ ಅನುಮಾನ ಉಳಿಯಿತು.

ಊಟದ ಬಿಡುವಿನಲ್ಲಿ ಆರೂ ಜನ ಸಮವಸ್ತ್ರದಲ್ಲೇ ಬಂದು ಬೆಂಚಿನ ಮೇಲೆ ಕೂತರು.

“ಯಾವುದು ಚೆನ್ನಾಗಿ ಎಗರುತ್ತೋ ಅದು ನಂದು,” ಎಂದಳು ಏಣಿ. ಅವಳು ತಂಡದಲ್ಲೆಲ್ಲ ಎತ್ತರದ ಕಂಡಕ್ಟರ್.

“ಶೂ ಏನೇ ಮಾಡುತ್ತೆ? ಕುಣಿಯಲಾರದವಳಿಗೆ ನೆಲ ಡೊಂಕು,” ಎಂದಳು ಟಿಕೆಟ್ ಕೌಂಟರಿನ ಪುಟ್ಟಿ.

ನಾಲ್ವರಿಗೆ ತಮ್ಮತಮ್ಮದು ಕಾಲಿಟ್ಟ ಕೂಡಲೇ ತಿಳಿಯಿತು. ಉಳಿದವರು ಏಣಿ ಮತ್ತು ಪುಟ್ಟಿ. ಇಬ್ಬರದೂ ಒಂದೇ ಅಳತೆ.

“ಆಳು ಚೋಟುದ್ದ, ಪಾದ ಮೊಳದುದ್ದ,” ಎಂದಳು ಡ್ರೈವರಕ್ಕ, ಪುಟ್ಟಿಯ ಕಾಲು ನೋಡಿ.

“ಎರಡೂ ಹಿಡಿಸ್ತವಲ್ಲಕ್ಕ, ನಾನೇನ್ ಮಾಡ್ಲಿ?”

ಭಾವ ನನ್ನನ್ನೇ ನೋಡುತ್ತಿದ್ದರು.

“ಕೂತರೆ ಗೊತ್ತಾಗಲ್ಲ,” ಎಂದೆ. “ಎದ್ದೇಳಿ. ಇಬ್ಬರೂ ಬೀದಿ ಕೊನೆವರೆಗೆ ಓಡಿ ಬನ್ನಿ.”

ಓಡಿದರು. ನಾವೆಲ್ಲ ಬಾಗಿಲಿಗೆ ಬಂದೆವು. ಆಗಲೇ ಹಳೆಯ ಮೆಷಿನ್ ಕೊಳ್ಳುವವನ ಗಾಡಿ ಬಂದು ನಿಂತದ್ದು. ಅವನು ಇಳಿದು, ಎಲ್ಲರೂ ನೋಡುತ್ತಿದ್ದ ಕಡೆ ತಾನೂ ನೋಡಿದ. ಅರ್ಧ ದಾರಿಯಲ್ಲಿ ಪುಟ್ಟಿ ನಿಂತುಬಿಟ್ಟಳು.

“ಲೇ ಏಣಿ, ಬಲಗಾಲಿಂದು ನಂದಲ್ಲ ಕಣೆ. ಆಚೆಗೆ ವಾಲ್ತಿದೆ.”

“ಅದಕ್ಕೇ ನನ್ನ ಕಾಲು ಒಳಗೊಳಗೇ ತಿರುಗ್ತಿರೋದು. ಬಿಚ್ಚು.”

ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಒಂಟಿ ಕಾಲಲ್ಲಿ ನಿಂತು ಬಲಗಾಲಿನದನ್ನು ಬದಲಾಯಿಸಿಕೊಂಡರು. ಹಿಂತಿರುಗಿ ಬರುವಾಗ ಯಾರ ಹೆಜ್ಜೆಯೂ ತಡವರಿಸಲಿಲ್ಲ. ಡ್ರೈವರಕ್ಕ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, “ಮುಂದಿನ ವಾರ ಗಂಡಸರ ತಂಡದ್ದೂ ಕಳಿಸ್ತೀನಿ. ಮೂಗಿಗೆ ಬಟ್ಟೆ ಕಟ್ಕೊಂಡು ಒಗೀರಿ,” ಎಂದು ನಡೆದಳು.

ಬೀದಿ ಖಾಲಿಯಾಯಿತು.

“ಎಲ್ಲಿ ಸ್ವಾಮಿ ಮೆಷಿನ್ನು? ಎತ್ತೋಣ್ವಾ?” ಎಂದ ಗಾಡಿಯವನು.

ಭಾವ ನನ್ನ ಕಡೆ ಕೈ ತೋರಿಸಿದರು. “ಅದು ನಂದಲ್ಲಪ್ಪ. ಅವಳದು. ಅವಳನ್ನೇ ಕೇಳು.”

ಅವನು ನನ್ನತ್ತ ತಿರುಗಿದ. ಈ ಬೀದಿಯಲ್ಲಿ ಎಷ್ಟೋ ತಿಂಗಳಿಂದ ಯಾರೂ ನನ್ನ ಇಷ್ಟವೇನೆಂದು ಕೇಳಿರಲಿಲ್ಲ. ಹೇಗಿದ್ದೀಯ ಎಂದು ಮಾತ್ರ ಕೇಳುತ್ತಿದ್ದರು.

“ಕೊಡೋದಿಲ್ಲ,” ಎಂದೆ. ಅವನ ಕಾಲು ನೋಡಿದೆ. ಒಳ್ಳೆಯ ಕ್ಯಾನ್ವಾಸ್ ಶೂ, ಮೂಲ ಬಣ್ಣ ಯಾವುದೆಂದು ದೇವರಿಗೇ ಗೊತ್ತು. “ಅದನ್ನ ಬಿಚ್ಚಿಕೊಟ್ಟು ಹೋಗಿ. ನಾಡಿದ್ದು ಬನ್ನಿ.”

“ಅಲ್ಲಮ್ಮ, ಈಗ ನಾನು ಏನು ಹಾಕ್ಕೊಂಡು ಹೋಗ್ಲಿ?”

ಭಾವ ತಮ್ಮ ಚಪ್ಪಲಿ ಕಳಚಿ ಕಾಲಿನಿಂದಲೇ ಅವನ ಕಡೆ ತಳ್ಳಿದರು.