ಕೈಮಾತಿನ ಕೋರ್ಸು

ಐವತ್ತೆಂಟನೆಯ ವಯಸ್ಸಿನಲ್ಲಿ ಬಸ್ ಡ್ರೈವರೊಬ್ಬ ಯೂನಿವರ್ಸಿಟಿಯ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕೂತು, ಬೆರಳು ಮಡಚುವುದನ್ನು ಕಲಿಯುತ್ತಿದ್ದ. ದೊಡ್ಡವರಿಗೆಂದು ಅಲ್ಲಿ ನಡೆಸುವ ಕೋರ್ಸುಗಳಲ್ಲಿ ಇದೂ ಒಂದು: ಸನ್ನೆ ಭಾಷೆ, ಹನ್ನೆರಡು ವಾರ, ಪ್ರತಿ ಶನಿವಾರ ಬೆಳಗ್ಗೆ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಬೆರಳುಗಳು ಹೇಳಿದ ಮಾತು ಕೇಳಬೇಕಲ್ಲ! 'ನೀರು' ಎಂದು ತೋರಿಸಲು ಹೋದರೆ, ಹಿಂದಿನ ಲಾರಿಗೆ ಮುಂದೆ ಹೋಗು ಎಂದು ಕೈ ಬೀಸಿದ ಹಾಗಾಗುತ್ತಿತ್ತು. ಮುಂದಿನ ಬೆಂಚಿನಲ್ಲಿ ಕಲಿಯಲು ಬಂದಿದ್ದ ನರ್ಸೊಬ್ಬಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಗಲಿ ಬಿಡಿ, ನಾಚಿಕೆಪಡಲು ಅವನಿಗೆ ಪುರುಸೊತ್ತಿರಲಿಲ್ಲ.

ಹೆಂಡತಿಯ ಗಂಟಲಲ್ಲಿ ಗಡ್ಡೆ. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆಪರೇಷನ್ನಿನ ಸರದಿ ಬರಲು ಮೂರು ತಿಂಗಳಿತ್ತು. ಆಕೆ ಅವನದೇ ಬಸ್ಸಿನ ಕಂಡಕ್ಟರು. ಒಂದು ಸಲ ಬೆಲ್ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು. ಬಸ್ಸಿನೊಳಗೆ ಅಷ್ಟೇ ಮಾತು. ಮನೆಗೆ ಬಂದರೆ ಅವಳ ಬಾಯಿಗೆ ಬ್ರೇಕೇ ಇರಲಿಲ್ಲ. ಆ ಬಾಯಿಲ್ಲದ ಮನೆಯನ್ನು ಅವನಿಗೆ ನೆನೆಯಲೂ ಆಗುತ್ತಿರಲಿಲ್ಲ. "ಬರೆದು ತೋರಿಸ್ತಾರೆ ಬಿಡಿ" ಎಂದು ಡಾಕ್ಟರು ಅಂದಾಗ ಸಿಟ್ಟೇ ಬಂತು. ಬೈಗುಳವನ್ನು ಯಾರಾದರೂ ಬರೆದು ತೋರಿಸುತ್ತಾರೆಯೇ? ಅವಳು ಹೆದರಿಯಾಳೆಂದು ಕೋರ್ಸಿನ ಸುದ್ದಿ ಎತ್ತಲಿಲ್ಲ. ರಜೆಯ ಮೇಲಿದ್ದ ಅವಳಿಗೆ, ಶನಿವಾರ ನನಗೆ ಹೆಚ್ಚಿನ ಡ್ಯೂಟಿ ಎಂದು ಸುಳ್ಳು ಹೇಳಿದ.

ಆರನೆಯ ವಾರ, ಶುಕ್ರವಾರ, ಆಸ್ಪತ್ರೆಯಿಂದ ಫೋನು ಬಂತು: ಗಡ್ಡೆ ಬೆಳೆಯುತ್ತಿದೆ, ಇನ್ನು ಕಾಯುವಂತಿಲ್ಲ, ಸೋಮವಾರವೇ ಆಪರೇಷನ್. ಮರುದಿನ ಕ್ಲಾಸು ಮುಗಿಯುತ್ತಲೇ ಅವನು ಮೇಡಂ ಎದುರು ಹೋಗಿ ನಿಂತ.

"ಮೇಡಂ, ಉಳಿದ ಪಾಠ ಎಲ್ಲಾ ಇವತ್ತೇ ಹೇಳ್ಕೊಟ್ಬಿಡಿ. ಸಂಜೆವರೆಗೂ ಕೂರ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಯಾಕಿಷ್ಟು ಅವಸರ? ಮನೇಲಿ ಯಾರಿಗೆ ಕಿವಿ ಕೇಳಲ್ಲ?"

"ಕಿವಿ ಚೆನ್ನಾಗೇ ಇದೆ ಮೇಡಂ. ನನ್ನ ಹೆಂಡ್ತಿ ದನಿ ಹೋಗ್ತಾ ಇದೆ."

ಮೇಡಂ ಡಸ್ಟರ್ ಕೆಳಗಿಟ್ಟರು. "ಹಾಗಾದ್ರೆ ನೀವು ಬಾಯಲ್ಲೇ ಮಾತಾಡಬಹುದಲ್ಲ. ಕೈಯಲ್ಲಿ ಮಾತಾಡಬೇಕಾದವರು ಅವರು. ಅವರನ್ಯಾಕೆ ಕರ್ಕೊಂಡು ಬರಲಿಲ್ಲ?"

ಡ್ರೈವರ್ ತಿರುಗಿ ತನ್ನ ಬೆಂಚಿನ ಕಡೆ ನೋಡಿದ. ಎಲ್ಲಿಗೆ ಹೋಗಬೇಕಿದ್ದರೂ ಗಾಡಿ ಓಡಿಸುವವನು ತಾನೇ ಎಂಬ ಮೂವತ್ತು ವರ್ಷದ ಅಭ್ಯಾಸ ಅವನನ್ನು ಇಲ್ಲಿ ತಂದು ಕೆಡವಿತ್ತು. ಅವನ ಪಕ್ಕದ ಸೀಟು ಖಾಲಿಯಿತ್ತು. ಆರೂ ವಾರ ಅದರ ಮೇಲೆ ಊಟದ ಡಬ್ಬಿ ಇಟ್ಟಿದ್ದ.

ಮನೆಗೆ ಓಡಿಬಂದು ಎಲ್ಲವನ್ನೂ ಒಪ್ಪಿಕೊಂಡ. "ನಿನ್ನ ದಮ್ಮಯ್ಯ ಕಣೇ, 'ನೋವು', 'ನೀರು', 'ಬೇಡ' ಇಷ್ಟಾದ್ರೂ ಕಲಿ."

ಅವಳು ಸನ್ನೆ ಮಾಡಲು ಒದ್ದಾಡುವ ಅವನ ಬೆರಳುಗಳನ್ನೇ ನೋಡಿದಳು. ಅವಳ ದನಿ ಆಗಲೇ ಒಡೆದಿತ್ತು. "ರೀ, ನನ್ನ ಬಾಯಿಗೆ ಇರೋದು ಎರಡೇ ದಿನ. ಅದನ್ನೂ ಮುಚ್ಚಿಸಿ ಪಾಠ ಹೇಳ್ತೀರಾ? ಸುಮ್ನೆ ಕೂತ್ಕೊಳ್ಳಿ. ನಾನು ಮಾತಾಡಬೇಕು."

ಭಾನುವಾರ ಕಳೆಯುವವರೆಗೂ ಮಾತಾಡಿದಳು: ನಾದಿನಿಯ ಕೊಂಕು, ಅವನ ಗೊರಕೆ, ಯಾವತ್ತೋ ಅವನು ಬೆಲ್ ಕೇಳಿಸಿಕೊಳ್ಳದೆ ಬಸ್ ಮುಂದೆ ಒಯ್ದದ್ದು. ಅವನು ಒಂದು ಮಾತನ್ನೂ ಬಿಡದೆ ಕೇಳಿದ.

ಮಂಗಳವಾರ ವಾರ್ಡಿನಲ್ಲಿ ಅವಳು ಕಣ್ಣು ಬಿಟ್ಟಳು. ಕುತ್ತಿಗೆಯ ಸುತ್ತ ಬ್ಯಾಂಡೇಜು. ತುಟಿ ಅಲುಗಿತು, ಸದ್ದಿಲ್ಲ. ಅವನಿಗೆ ಏನೂ ತಿಳಿಯಲಿಲ್ಲ. "ನೋವಾ? ನೀರಾ? ಡಾಕ್ಟರನ್ನ ಕರೀಲಾ?" ಎಂದು ಬಾಯಲ್ಲಿ ಕೇಳುತ್ತ, ಕೈಯಲ್ಲೂ ಕಲಿತದ್ದನ್ನೆಲ್ಲ ಹಿಂದುಮುಂದಾಗಿ ಬೀಸತೊಡಗಿದ. ಅವಳ ಕಣ್ಣಿನ ತುದಿಯಿಂದ ನೀರಿಳಿಯಿತು. ಅದನ್ನು ಕಂಡು ಅವನು ಇನ್ನಷ್ಟು ಗಾಬರಿಯಾಗಿ ಇನ್ನಷ್ಟು ಜೋರಾಗಿ ಬೀಸಿದ.

ಅವಳು ಬೆರಳಿನ ಗೆಣ್ಣಿನಿಂದ ಮಂಚದ ಕಬ್ಬಿಣದ ಸರಳಿಗೆ ಬಡಿದಳು. ಒಂದೇ ಸಲ.

ಅವನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಕೈ ನಿಂತಿತು, ಬಾಯಿಯೂ ನಿಂತಿತು. ಅವಳು ಅವನ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಇನ್ನು ಎರಡು ಸಲ ಸದ್ದಾಗುವವರೆಗೆ ಅವನು ಅಲ್ಲಾಡುವಂತಿಲ್ಲ. ಸ್ಟೂಲಿನ ಮೇಲೆ ಹಾಗೆಯೇ ಕೂತ.